ಅವರ ಮನೆಯಲ್ಲಿ ಹ್ಯಾಂಡಲ್

ನನ್ನದೊಂದು ಕೆಟ್ಟ ಚಟ: ಗದ್ದಲವಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆ ಬಾಯಿ ಮುಚ್ಚಿತು. ಹೊಲದಲ್ಲಿ ಡೀಸೆಲ್ ಎಂಜಿನ್ ಒಂದಾದರೂ ಬಡಬಡಿಸಲಿ ಎಂದುಕೊಂಡವನು ನಾನು.

ಆ ಎಂಜಿನ್ನಿನ ಕತೆ ಎಪ್ಪತ್ತರ ದಶಕದ್ದು. ಅದರ ಬೆಲೆ ಸಂತೆಯಿಂದ ಸಂತೆಗೆ ಏರುತ್ತಿತ್ತು. ಒಬ್ಬನಿಗೆ ಎಟುಕುವ ಮಾತಲ್ಲ. ನಾನೂ ಪಕ್ಕದ ಹೊಲದ ಮೌಲಾಸಾಬರೂ ಕೂಡಿ ತಂದು, ನಮ್ಮಿಬ್ಬರ ಬದುವಿನ ಬಾವಿಗೆ ಹತ್ತಿದ ನನ್ನ ಗುಡಿಸಲಲ್ಲಿ ಕೂಡಿಸಿದೆವು. ಪಾಲಿನ ವಸ್ತು ಜಗಳದ ಮೂಲ ಎಂದು ನಮ್ಮೂರು ಹುಲಗೂರಿನ ಹಿರಿಯರು ಹೆದರಿಸಿದರು. ಮೌಲಾಸಾಬರು ನಕ್ಕರು: "ಎಂಜಿನ್ ನಿಮ್ಮ ಗುಡಿಸಲದಾಗ ಇರ್ಲಿ, ಗೌಡ್ರ. ಚಾಲೂ ಮಾಡೋ ಹ್ಯಾಂಡಲ್ ನಮ್ಮ ಮನ್ಯಾಗ. ಒಬ್ಬರನ್ನ ಬಿಟ್ಟು ಒಬ್ಬರು ನೀರು ಎತ್ತಂಗಿಲ್ಲ!"

ಹೊಸ ಉಪಾಯವೇನಲ್ಲ ಬಿಡಿ. ಒಂದೊಂದೇ ಎತ್ತಿದ್ದ ಇಬ್ಬರು ಜೋಡಿ ಕಟ್ಟಿ ಉಳುವುದು ನಮ್ಮ ಕಡೆಯ ಹಳೇ ರೂಢಿ. ಒಂಟೆತ್ತು ನೆಂಟರನ್ನು ಕರೆತರುತ್ತದೆ ಎನ್ನುತ್ತಿದ್ದಳು ನಮ್ಮವ್ವ. ನನಗೆ ಎಂಜಿನ್ ಕರೆತಂದದ್ದು ಮೌಲಾಸಾಬರನ್ನು. ಮುಂಜಾನೆ ಹೆಗಲ ಮೇಲೆ ಹ್ಯಾಂಡಲ್, ಜೇಬಿನಲ್ಲಿ ಮೆಲ್ಲಲು ಸವಣೂರ ಖಾರಾ. ಅವರು ಬಿಸ್ಮಿಲ್ಲಾ ಎನ್ನಬೇಕು, ನಾನು ಬಸವಾ ಎನ್ನಬೇಕು, ಎಂಜಿನ್ ಕೆಮ್ಮಿ ಏಳಬೇಕು. ಆಮೇಲೆ ಅದರ ಸದ್ದಿನ ಮೇಲೆ ಕಿರುಚಿ ಕಿರುಚಿ ನಮ್ಮ ಮಾತು. ನಮ್ಮ ಮನೆಯ ಗುಟ್ಟುಗಳೆಲ್ಲ ತಡಸ ಊರಿನ ದಾರಿ ಹಿಡಿದು ಹೋಗುವವರಿಗೂ ಗೊತ್ತಾದವು.

ಎಂಬತ್ತರ ಈಚೆಗೆ ಅವರು ತಮ್ಮ ಹೊಲದಲ್ಲೇ ಬಾವಿ ತೋಡಿಸಿ ಕರೆಂಟಿನ ಮೋಟಾರು ಕೂಡಿಸಿದರು. ಗುಂಡಿ ಒತ್ತಿದರೆ ನೀರು. ಒಂದು ದಿನ ಹ್ಯಾಂಡಲ್ ತಂದು ನನ್ನ ಮುಂದಿಟ್ಟರು. "ನನ್ನ ಪಾಲೂ ನಿಮಗ ಇರ್ಲಿರಿ. ನಮ್ಮ ನಮ್ಮೊಳಗ ಎಂಥಾ ಲೆಕ್ಕ!"

ಅಂಥ ದೊಡ್ಡ ಮನಸ್ಸಿನ ಮೇಲೆ ನನಗೆ ಬಂದದ್ದು ಸಿಟ್ಟು. ಇಡೀ ಎಂಜಿನ್ನಿಗೆ ಮಾಲೀಕನಾದೆ, ಮುಂಜಾನೆಯ ಮನುಷ್ಯ ಹೋದ. ಒಬ್ಬನೇ ತಿರುಗಿಸಿದರೂ ಅದು ಚಾಲೂ ಆಗುತ್ತಿತ್ತು, ದರಿದ್ರದ್ದು. ಕಿರುಚಿ ಹೇಳಲು ಎದುರಿಗೆ ಯಾರೂ ಇರಲಿಲ್ಲ. ಅಷ್ಟು ಸದ್ದಿನ ನಡುವೆ ಕೂತು ನಾನು ಸುಮ್ಮನೆ ರೊಟ್ಟಿ ಮುರಿಯುತ್ತಿದ್ದೆ.

ತಡೆಯಲಾಗದೆ ಒಂದು ಸಂಜೆ ಹ್ಯಾಂಡಲ್ ಹೊತ್ತು ಅವರ ಮನೆಗೆ ಹೋದೆ. "ನಮ್ಮ ಗುಡಿಸಲ ಸೋರತೈತ್ರಿ, ಇದು ತುಕ್ಕು ಹಿಡೀತೈತಿ. ನಿಮ್ಮಲ್ಲೇ ಇರ್ಲಿ."

ಅವರು ಅದನ್ನು ತಿರುವಿ ನೋಡಿದರು. ತುಕ್ಕಿನ ಸುಳಿವೂ ಇರಲಿಲ್ಲ. ಹಳೇ ಗೂಟಕ್ಕೇ ತೂಗುಹಾಕಿದರು.

ಆ ರಾತ್ರಿ ಚೆನ್ನಾಗಿ ಮಳೆಯಾಯಿತು. ಹೊಲಕ್ಕೆ ನೀರು ಬೇಕಿರಲಿಲ್ಲ. ಆದರೂ ಮುಂಜಾನೆ ಮೌಲಾಸಾಬರು ಕೆಸರು ತುಳಿಯುತ್ತ ಬಂದರು, ಹೆಗಲ ಮೇಲೆ ಹ್ಯಾಂಡಲ್.

"ಡೀಸೆಲ್ ಭಾಳ ತುಟ್ಟಿ ಆಗೇತ್ರಿ, ಗೌಡ್ರ," ಎಂದರು ಅಂಗಿಯ ತೋಳು ಮಡಚುತ್ತ.

"ಭಾಳ ತುಟ್ಟಿರಿ," ಎಂದು ನಾನು ಎಂಜಿನ್ನಿಗೆ ಇನ್ನಷ್ಟು ಸುರಿದೆ.