ಅಮ್ಮಾವ್ರ ಬೈಕಿಗೆ ನಂಬರ್ ಹಾಕಿಸಿದ ದಿನ

ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಯಾರೋ ಹೊಸ ಅಂಗಡಿಯ ಶಟರಿಗೆ ಬಣ್ಣ ಹೊಡೆಸುತ್ತಿದ್ದರು. ಥಿನ್ನರ್ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಗೆ ತಲೆ ನೋಯುತ್ತದೆ, ನನಗೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಪಕ್ಕದ ಹೋಟೆಲಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಅಮ್ಮಾವ್ರು ನೆನಪಾದರು...

ಆಗ ನಾನು ಕೊಟ್ಟಿಗೆಹಾರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವನು ಅಂದುಕೊಳ್ಳಬೇಡಿ. ಆಳುಗಳ ಹಾಜರಿ, ಗೊಬ್ಬರ, ಬ್ಯಾಂಕು, ಕಚೇರಿ, ಎಲ್ಲ ಓಡಾಟಕ್ಕೂ ಒಬ್ಬನೇ ಕತ್ತೆ, ಅವನೇ ರೈಟರ್. ಅಮ್ಮಾವ್ರು ಆ ತೋಟದ ಒಡತಿ. ಮದುವೆಯಾಗಿರಲಿಲ್ಲ. ಅಪ್ಪನಿಂದ ಪಾಲಿಗೆ ಬಂದ ತೋಟವನ್ನು ಒಬ್ಬರೇ ನಡೆಸಿಕೊಂಡು ಬಂದಿದ್ದರು, ಅದೂ ಬೈಕಿನ ಮೇಲೆ. ಗಿಡಗಳ ಸಾಲಿನ ನಡುವೆ ಎಲ್ಲಿ ಯಾರು ಬೀಡಿ ಹಚ್ಚಿ ಕೂತಿದ್ದಾರೆ ಎಂದು ಹುಡುಕಿಕೊಂಡು ಹೋಗಿ ಮುಂದೆ ನಿಲ್ಲುತ್ತಿದ್ದರು. ಬಾಯಿ ಮಾತ್ರ ಕೇಳಬೇಡಿ. "ನಿನ್ನ ತಲೇಲಿ ಏನಯ್ಯಾ, ಕಾಫಿ ಹೊಟ್ಟು ತುಂಬಿದೆಯಾ?" ಎಂದು ದಿನಕ್ಕೊಮ್ಮೆಯಾದರೂ ನನಗೆ ಮಂಗಳಾರತಿ ಆಗುತ್ತಿತ್ತು. ನಾನೂ ಸುಮ್ಮನಿರುವ ಪೈಕಿ ಅಲ್ಲ. ಮನಸ್ಸಿನಲ್ಲೇ ಎದುರುತ್ತರ ಕೊಡುತ್ತಿದ್ದೆ.

ಒಂದು ವರ್ಷ ಅವರಿಗೆ ಸಣ್ಣಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಉಳಿಯಿತು, ಎಡಗೈಯ ಹಿಡಿತ ಹೋಯಿತು. ಕ್ಲಚ್ ಹಿಡಿಯಲು ಆಗದಿದ್ದ ಮೇಲೆ ಬೈಕು ಮೂಲೆ ಸೇರಿತು. ಜೀಪಿಗಾದರೂ ಗೇರು ಹಾಕಲು ಎಡಗೈಯೇ ಬೇಕಲ್ಲ! ಗೇರಿಲ್ಲದ ಸ್ಕೂಟರ್ ತರಿಸಿ ನೋಡಿದರು. ಅದರ ಪುಟ್ಟ ಚಕ್ರ ನಮ್ಮ ತೋಟದ ಕೆಸರಿಗೆ, ಏರಿಗೆ ಬಗ್ಗುವಂಥದ್ದಲ್ಲ. ಒಂದು ಬೆಳಿಗ್ಗೆ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಇಳಿಜಾರಿನಲ್ಲಿ ಜಾರಿ ಚರಂಡಿಗೆ ಬಿದ್ದರು. ಹೆಣ್ಣಾಳುಗಳು ಕೆಲಸಕ್ಕೆ ಬಂದು ನೋಡುವವರೆಗೂ ಅಲ್ಲೇ ಬಿದ್ದಿದ್ದರು.

ಚಿಕ್ಕಮಗಳೂರಿನಿಂದ ಅವರ ಅಣ್ಣ ಅದೇ ದಿನ ಬಂದರು. ನಾವೆಲ್ಲ ಅವರನ್ನು ದೊಡ್ಡ ಯಜಮಾನ್ರು ಎನ್ನುತ್ತಿದ್ದೆವು. ಮಾತು ಕಡಿಮೆ, ಆಡಿದರೆ ಮುಗಿಯಿತು. ತೋಟ ಬಿಟ್ಟು ನಮ್ಮನೆಗೆ ಬಾ ಎಂದರು. ಅಮ್ಮಾವ್ರು ಒಪ್ಪಲಿಲ್ಲ. ಹೊರದೇಶದಲ್ಲಿ ಕುರಿ ಸಾಕುವವರು ಗುಡ್ಡದಲ್ಲಿ ಓಡಿಸುವ ಒಂದು ಬೈಕು ಇದೆ, ಅದಕ್ಕೆ ಕ್ಲಚ್ ಹಿಡಿಯುವ ಕೆಲಸವೇ ಇಲ್ಲ, ಅದನ್ನು ತರಿಸುತ್ತೇನೆ ಎಂದು ಹಟ ಹಿಡಿದರು. ಕಾಫಿ ನೋಡಲು ಬಂದಿದ್ದ ವಿದೇಶಿಯೊಬ್ಬನ ಫೋನಿನಲ್ಲಿ ಅದರ ಚಿತ್ರ ನೋಡಿದ್ದರಷ್ಟೇ.

"ಸರಿ ಕಣೆ," ಎಂದರು ಯಜಮಾನ್ರು. "ಮಳೆ ಹಿಡಿಯೋದ್ರೊಳಗೆ ಆ ಬೈಕು ನಂಬರ್ ಹಾಕ್ಕೊಂಡು ಬಂದ್ರೆ ನಾನು ಇನ್ನು ಚಕಾರ ಎತ್ತಲ್ಲ. ಬರಲಿಲ್ವೋ, ತೋಟದ ಬೀಗದ ಕೈ ನನ್ನ ಕೈಗೆ ಕೊಟ್ಟು ನಮ್ಮನೆಗೆ ಬರಬೇಕು."

"ಆಯ್ತು ಅಣ್ಣಯ್ಯ," ಎಂದುಬಿಟ್ಟರು ಅಮ್ಮಾವ್ರು. ಹೊರಗಿನಿಂದ ಒಂದು ಗಾಡಿ ತರಿಸಿ ಅದಕ್ಕೆ ನಂಬರ್ ಹಾಕಿಸುವುದೆಂದರೆ ಏನು ಎಂದು ಅವರಿಗೇನು ಗೊತ್ತು? ಅಲೆಯಬೇಕಾದವನು ನಾನು.

ಅಲೆದೆ. ಸುಂಕ, ಸುಂಕದ ಮೇಲೆ ಸೆಸ್ಸು, ಅವೆರಡರ ಮೇಲೆ ತೆರಿಗೆ. ಕೊನೆಗೆ ಗಾಡಿಗಿಂತ ಸುಂಕವೇ ಹೆಚ್ಚಾಯಿತು. ಬಂದರಿನಲ್ಲಿ ಗಾಡಿ ಪೆಟ್ಟಿಗೆಯೊಳಗೇ ಕೂತಿತ್ತು. ಅದನ್ನು ಬಿಡಿಸಿಕೊಡುವ ಏಜೆಂಟನಿಗೆ ನಾನು ಫೋನ್ ಮಾಡಿ ಮಾಡಿ ಅವನು ನನ್ನ ಧ್ವನಿ ಕೇಳಿದರೆ ಫೋನ್ ಇಡುವ ಹಾಗಾಯಿತು. ಈ ಸರ್ಟಿಫಿಕೇಟು ಬಂತು ಎನ್ನುವಾಗ ಆ ಸರ್ಟಿಫಿಕೇಟು ಇಲ್ಲ. ತೋಟ ಎರಡು ತುಂಡಾಗಿ ನಡುವೆ ಸರ್ಕಾರಿ ರಸ್ತೆ ಹಾದುಹೋಗಿರದಿದ್ದರೆ, ನಂಬರೂ ಬೇಡ ಗಿಂಬರೂ ಬೇಡ, ತೋಟದೊಳಗೇ ಓಡಿಸಿಕೊಳ್ಳಿ ಎಂದು ಕೈಮುಗಿಯುತ್ತಿದ್ದೆ. ಅಂತೂ ಗಾಡಿ ಟೆಂಪರರಿ ನಂಬರಿನಲ್ಲಿ ತೋಟಕ್ಕೆ ಬಂದು ಶೆಡ್ ಸೇರಿತು. ಇನ್ನು ಚಿಕ್ಕಮಗಳೂರಿನ ಆರ್‌ಟಿಒ ಆಫೀಸಿಗೆ ಒಯ್ದು ಇನ್‌ಸ್ಪೆಕ್ಟರಿಗೆ ತೋರಿಸುವುದೊಂದೇ ಬಾಕಿ. ಅಷ್ಟರಲ್ಲಿ ಆಗಲೇ ಸಂಜೆ ಸಂಜೆ ಗುಡುಗು ಶುರುವಾಗಿತ್ತು.

ನಮ್ಮ ಕಡೆ ಮಳೆಗೆ ಮುಂಚೆ ಕಬ್ಬಿಣಕ್ಕೆಲ್ಲ ಬಣ್ಣ ಹೊಡೆಯುವುದು ವರ್ಷ ವರ್ಷದ ಪದ್ಧತಿ. ಹೊಡೆಯದೆ ಬಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಗೇಟು ಗೇಟಾಗಿ ಉಳಿಯುವುದಿಲ್ಲ. ಪಲ್ಪರ್, ಔಷಧಿ ಹೊಡೆಯುವ ಮೆಷಿನ್ನು, ಟ್ರೇಲರ್, ಎಲ್ಲಕ್ಕೂ ಉಪ್ಪುಕಾಗದ ಹಾಕಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಬಣ್ಣ. ಆ ವರ್ಷವೂ ಅಮ್ಮಾವ್ರು ಎಂದಿನಂತೆ ತೋಟದ ಮೆಷಿನ್ನು ನೋಡಿಕೊಳ್ಳುವ ಫಿಟ್ಟರನ್ನು ಕರೆದು, "ಶೆಡ್‌ನಲ್ಲಿರೋ ಕಬ್ಬಿಣಕ್ಕೆಲ್ಲ ಹೊಡಿ ಮಾರಾಯ, ಒಂದೂ ಬಿಡಬೇಡ" ಎಂದಿದ್ದರು. ಫಿಟ್ಟರ್ ಒಳ್ಳೆಯ ಮನುಷ್ಯ. ಒಂದೂ ಬಿಡಲಿಲ್ಲ.

ಇದು ನನಗೆ ಗೊತ್ತಿಲ್ಲ. ನಾನು ಬೆಳಿಗ್ಗೆ ಪಿಕಪ್ ತಂದು ನಿಲ್ಲಿಸುವಾಗ ಬೈಕಿಗೆ ಟಾರ್ಪಾಲು ಸುತ್ತಿ ಹಗ್ಗ ಬಿಗಿದು ತಯಾರು ಮಾಡಿದ್ದರು. ಅಮ್ಮಾವ್ರು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು, ಕಾಗದದ ಫೈಲು ಮಡಿಲಲ್ಲಿ. ಡಾಕ್ಟರ ಚೀಟಿ, ಲೈಸೆನ್ಸಿನ ತಿದ್ದುಪಡಿ ಎಲ್ಲ ಮೊದಲೇ ಮುಗಿಸಿದ್ದೆವು. ದಾರಿಯುದ್ದಕ್ಕೂ ಅವರು ಒಮ್ಮೆಯೂ ಬೈಯಲಿಲ್ಲ. ಅದೇ ನನಗೆ ಭಯ.

ಇನ್‌ಸ್ಪೆಕ್ಟರ್ ಇನ್ನೂ ಚಿಕ್ಕ ಪ್ರಾಯದವರು, ಮರ್ಯಾದೆಯ ಮನುಷ್ಯ. ಕಾಗದಗಳನ್ನೆಲ್ಲ ನೋಡಿ ತಲೆಯಾಡಿಸಿದರು. ಆಮೇಲೆ ಅಂಗಳದಲ್ಲಿ ಇಳಿಸಿದ್ದ ಬೈಕಿನ ಹತ್ತಿರ ಬಂದು ಹ್ಯಾಂಡಲಿನ ಬುಡಕ್ಕೆ ಫೋನಿನ ಲೈಟು ಬಿಟ್ಟು ಬಗ್ಗಿದರು. ಅಲ್ಲಿ ಚಾಸಿ ನಂಬರ್ ಕೊರೆದಿರುತ್ತದೆ, ಗಾಡಿಯ ಜಾತಕವೆಂದರೆ ಅದೇ. ಬಗ್ಗಿದವರು ಏಳಲಿಲ್ಲ. ಬೆರಳಿನಲ್ಲಿ ಒರೆಸಿ ನೋಡಿದರು. ಮತ್ತೆ ಒರೆಸಿದರು.

"ಮೇಡಂ, ಇಲ್ಲಿ ನಂಬರೇ ಇಲ್ವಲ್ಲ?"

ನಾನೂ ಬಗ್ಗಿದೆ. ಹೊಳೆಯುವ ಕಪ್ಪು ಬಣ್ಣ, ನಮ್ಮ ಗೇಟಿನ ಬಣ್ಣ! ಗಾಡಿಯ ಚೌಕಟ್ಟು ಮೊದಲೇ ಕಪ್ಪು, ಇಳಿಸುವಾಗ ನನಗೆ ಗೊತ್ತೇ ಆಗಿರಲಿಲ್ಲ.

"ಹೊಸ ಪೇಂಟು. ಅದೂ ಸರಿಯಾಗಿ ನಂಬರ್ ಇರೋ ಜಾಗದಲ್ಲಿ," ಎಂದರು ಇನ್‌ಸ್ಪೆಕ್ಟರ್. "ಹೊರಗಿಂದ ಬಂದ ಗಾಡಿ. ನಾನೇನು ಅಂತ ತಿಳ್ಕೊಳ್ಳಲಿ, ನೀವೇ ಹೇಳಿ."

"ಸರ್, ನಮ್ಮ ಫಿಟ್ಟರ್..." ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅಮ್ಮಾವ್ರು ತಡೆದರು.

"ಅವನ ಹೆಸರು ಎತ್ತಬೇಡ. ಹೊಡಿ ಅಂತ ಹೇಳಿದ್ದು ನಾನು," ಎಂದರು. ಮಳೆಗೆ ಬಣ್ಣ ಹೊಡೆಸುವ ಪದ್ಧತಿಯನ್ನೂ, ತಾವು ಆಡಿದ ಮಾತನ್ನೂ ಇದ್ದ ಹಾಗೆ ಹೇಳಿದರು.

ಇನ್‌ಸ್ಪೆಕ್ಟರ್ ಕೇಳಿದರು. ನಂಬಿದರೋ ಇಲ್ಲವೋ ಮುಖ ಹೇಳಲಿಲ್ಲ. ಕಸ್ಟಮ್ಸ್ ಕಾಗದದಲ್ಲಿರುವ ಗಾಡಿ ಇದೇ ಎಂದು ನಂಬರ್ ನೋಡದೆ ಸಹಿ ಹಾಕಲಾರೆ, ನಂಬರ್ ಸಿಗದಿದ್ದರೆ ಗಾಡಿಯನ್ನು ಇಲ್ಲೇ ಇಟ್ಟುಕೊಂಡು ಮೇಲಕ್ಕೆ ಬರೆಯಬೇಕಾಗುತ್ತದೆ ಎಂದರು. ಮೇಲಕ್ಕೆ ಬರೆದ ಕಾಗದ ಕೆಳಗೆ ಬರುವಷ್ಟರಲ್ಲಿ ಮಳೆ ಬಂದು ಹೋಗಿರುತ್ತದೆ. ಬೀಗದ ಕೈಯೂ ಹೋಗಿರುತ್ತದೆ.

"ಆಫೀಸ್ ಮುಚ್ಚೋವರೆಗೂ ಟೈಮ್ ಇದೆ. ಬಣ್ಣ ಬಿಡಿಸಿ ತೋರಿಸಿ. ಆದ್ರೆ ಕಬ್ಬಿಣಕ್ಕೆ ಒಂದು ಗೀರು ಬೀಳಬಾರದು. ಬಿದ್ರೆ ನಂಬರ್ ತಿದ್ದಿದ್ದಾರೆ ಅಂತ್ಲೇ ಅರ್ಥ. ನನ್ನ ಕಣ್ಣೆದುರೇ ಮಾಡಿ," ಎಂದರು.

ಓಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಥಿನ್ನರ್ ಡಬ್ಬಿ, ಹಳೇ ಬನಿಯನ್ ಬಟ್ಟೆ ಹಿಡಿದು ಏದುಸಿರು ಬಿಡುತ್ತಾ ವಾಪಸು ಬಂದರೆ, ಗೇಟಿನ ಪಕ್ಕ ದೊಡ್ಡ ಯಜಮಾನ್ರ ಕಾರು ನಿಂತಿತ್ತು. ಗಾಡಿ ತೋರಿಸುವುದು ಅವತ್ತೇ ಎಂದು ಅವರಿಗೂ ಗೊತ್ತಿತ್ತು. ಗಾಜು ಏರಿಸಿಕೊಂಡು ಒಳಗೆ ಕೂತಿದ್ದರು. ಈ ಶನಿ ಈಗಲೇ ಬರಬೇಕಿತ್ತಾ ಎಂದು ಹಲ್ಲು ಕಡಿದೆ.

ಬಟ್ಟೆಯನ್ನು ಅಮ್ಮಾವ್ರೇ ಕಿತ್ತುಕೊಂಡರು. ಬಲಗೈಯಲ್ಲಿ ಅದ್ದಿ ಅದ್ದಿ ಒರೆಸಿದರು. ಎಡಗೈ ಊರಿಕೊಳ್ಳಲು ಬಾರದೆ ಮೈ ವಾಲುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯನ್ನು ನನ್ನ ಕಡೆ ಚಾಚಿದರು. "ನೀನು ಮಾಡು ಮಾರಾಯ. ನನ್ನ ಕೈಲಿ ಆಗ್ತಿಲ್ಲ."

ಆಗುವುದಿಲ್ಲ ಎನ್ನುವ ಮಾತು ಅವರ ಬಾಯಲ್ಲಿ ಅದುವರೆಗೆ ನಾನು ಕೇಳಿರಲಿಲ್ಲ. ನನಗೆ ಅಳುವೇ ಬಂತು. ಅಳುತ್ತಾ ಕೂರಲು ಪುರುಸೊತ್ತೆಲ್ಲಿ? ಮೊಣಕಾಲೂರಿ ಕೂತೆ. ಮೊದಲು ಕಪ್ಪು ಬಣ್ಣ ಬಿಟ್ಟಿತು. ಆಮೇಲೆ ರೆಡ್ ಆಕ್ಸೈಡ್ ಕುಂಕುಮದ ನೀರಿನ ಹಾಗೆ ಇಳಿಯಿತು. ಆ ವಾಸನೆಗೆ ಕಣ್ಣು ಉರಿಯುತ್ತಿತ್ತು. ಉಗುರು ತಾಗಿದರೂ ಗೀರು ಬಿದ್ದೀತೆಂದು ಬೆರಳ ತುದಿ ಮಡಚಿ ಒರೆಸುತ್ತಿದ್ದೆ. ಕೊನೆಗೆ ಒಂದು ಅಕ್ಷರ ಕಂಡಿತು. ಅದರ ಪಕ್ಕ ಇನ್ನೊಂದು. "ಬಂತು ಅಮ್ಮಾವ್ರೇ!" ಎಂದು ಕೂಗಿದೆ. ಮುಂದಿನ ಅಂಕಿಗಳೂ ಮೆಲ್ಲಗೆ ಒಂದೊಂದಾಗಿ ಎದ್ದವು. ನಂಬರಿನ ಬಾಲದ ಕಡೆ ಬಂದಾಗ ಮಾತ್ರ ಏನೂ ಇಲ್ಲ. ಬರೀ ನುಣ್ಣನೆ ಕಬ್ಬಿಣ. ಫಿಟ್ಟರ್ ಬಣ್ಣ ಹಿಡಿಯಲೆಂದು ಅಲ್ಲಿ ಚೆನ್ನಾಗಿ ಉಪ್ಪುಕಾಗದ ಹಾಕಿದ್ದ. ಅವನ ಉಪ್ಪುಕಾಗದಕ್ಕೆ ಬೆಂಕಿ ಬೀಳ!

ಒರೆಸಿದೆ, ಊದಿದೆ, ಮತ್ತೆ ಒರೆಸಿದೆ. ಬರಲಿಲ್ಲ. ಆಫೀಸಿನವರು ಒಬ್ಬೊಬ್ಬರಾಗಿ ಕಿಟಕಿ ಹಾಕಲು ಶುರು ಮಾಡಿದರು. ಕಾರಿನ ಬಾಗಿಲು ತೆಗೆದ ಸದ್ದಾಯಿತು. ಯಜಮಾನ್ರು ಬಂದು ತಂಗಿಯ ಹಿಂದೆ ನಿಂತರು.

"ಸಾಕು ಬಾರೆ. ಮನೆಗೆ ಹೋಗೋಣ."

"ಆಫೀಸ್ ಇನ್ನೂ ಮುಚ್ಚಿಲ್ಲ ಅಣ್ಣಯ್ಯ."

ಅಷ್ಟೇ. ಅಮ್ಮಾವ್ರು ತಿರುಗಿಯೂ ನೋಡಲಿಲ್ಲ. ನನಗೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಕೈಯಲ್ಲಿದ್ದ ಥಿನ್ನರ್ ಬಟ್ಟೆ ಮುಖದ ಮೇಲೆ ಎಸೆದುಬಿಡಲಾ ಅನ್ನಿಸಿತು.

ಇನ್‌ಸ್ಪೆಕ್ಟರ್ ಬಂದು ನೋಡಿದರು. ತಿರುಗಿ ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ತೆಳ್ಳನೆಯ ಹಾಳೆ, ಪೆನ್ಸಿಲು ಹಿಡಿದುಕೊಂಡು ಹೊರಗೆ ಬಂದರು. ನಂಬರಿನ ಅಚ್ಚು ತೆಗೆಯುವುದು ಆ ಆಫೀಸಿನ ದಿನನಿತ್ಯದ ಕೆಲಸವೇ. ಆದರೆ ಇಲ್ಲಿ ಅಚ್ಚು ತೆಗೆಯಲು ಏನಿದೆ? ಹಾಳೆಯನ್ನು ಕಬ್ಬಿಣದ ಮೇಲೆ ಒತ್ತಿ ಹಿಡಿದು ಪೆನ್ಸಿಲನ್ನು ಮಲಗಿಸಿ ಹಗುರಕ್ಕೆ ಉಜ್ಜಿದರು. ಎದ್ದು ಕಂಡಿದ್ದ ಅಂಕಿಗಳು ಬಂದವು. ನುಣ್ಣಗಿದ್ದ ಜಾಗಕ್ಕೆ ಪೆನ್ಸಿಲು ಹೋದಾಗ ನಾನು ಇನ್ನಷ್ಟು ಹತ್ತಿರಕ್ಕೆ ಬಗ್ಗಿದೆ. ಬೂದು ಬಣ್ಣದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆಗಳು... ಕಣ್ಣಿಗೆ ಕಾಣದೆ ಹೋದದ್ದು ಹಾಳೆಗೆ ಸಿಕ್ಕಿತ್ತು. ಅವರು ಅದನ್ನು ಬೆಳಕಿಗೆ ಹಿಡಿದರು. ಕಸ್ಟಮ್ಸ್ ಕಾಗದದ ಪಕ್ಕ ಇಟ್ಟರು. ಬೆರಳಿಟ್ಟು ಓದಿದರು. ನಂಬಿಕೆ ಬರಲಿಲ್ಲವೇನೋ, ಬೇರೆ ಹಾಳೆ ತಂದು ಇನ್ನೊಮ್ಮೆ ಅಚ್ಚು ತೆಗೆದರು. ಅಮ್ಮಾವ್ರು ಕಣ್ಣು ಮುಚ್ಚಿ ನಿಂತಿದ್ದರು.

"ಸರಿಯಾಗಿದೆ," ಎಂದರು ಇನ್‌ಸ್ಪೆಕ್ಟರ್. "ಒಂದು ರೌಂಡ್ ಓಡಿಸಿ ತೋರಿಸಿ ಮೇಡಂ."

ಅಮ್ಮಾವ್ರು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದರು. ಎಡಗೈಯನ್ನು ಹ್ಯಾಂಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡರು. ಅಂಗಳ ಸುತ್ತಿ ಬಂದು ಯಜಮಾನ್ರ ಎದುರಿಗೇ ಬ್ರೇಕ್ ಹಾಕಿದರು. ಈಗ ಏನಾದರೂ ಒಂದು ಏಟು ಕೊಟ್ಟೇ ಕೊಡುತ್ತಾರೆ ಎಂದು ನಾನು ಕಿವಿ ನೆಟ್ಟಗೆ ಮಾಡಿ ನಿಂತೆ.

"ಊಟ ಮಾಡಿದ್ಯಾ ಅಣ್ಣಯ್ಯ?" ಎಂದರು.

ಮಾಡಿರಲಿಲ್ಲ. ಯಾರೂ ಮಾಡಿರಲಿಲ್ಲ. ಹತ್ತಿರದ ಹೋಟೆಲಿನಲ್ಲಿ ಉಳಿದಿದ್ದ ಅನ್ನ ಸಾರು ಬಡಿಸಿದರು. ಬೀಗದ ಕೈಯ ಮಾತು ಯಾರೂ ಎತ್ತಲಿಲ್ಲ. ಯಜಮಾನ್ರು ತಮ್ಮ ಹಪ್ಪಳವನ್ನು ತಂಗಿಯ ತಟ್ಟೆಗೆ ಹಾಕಿದರು. ವಾಪಸು ಬರುವಾಗ ನಾನು, ಇನ್ನು ಸತ್ತರೂ ಇಂಥ ಕೆಲಸಕ್ಕೆ ನನ್ನನ್ನು ಕರೆಯಬೇಡಿ ಎಂದು ದಾರಿಯುದ್ದಕ್ಕೂ ಹಾರಾಡಿದೆ. ಅಮ್ಮಾವ್ರು ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

ಆಮೇಲೆ ಹಲವು ಮಳೆಗಾಲ ಅವರು ಆ ಬೈಕಿನಲ್ಲೇ ತೋಟ ಸುತ್ತಿದರು. ಯಜಮಾನ್ರು ಆಡಿದ ಮಾತಿಗೆ ತಪ್ಪಲಿಲ್ಲ, ಒಮ್ಮೆಯೂ ಬೇಡ ಎನ್ನಲಿಲ್ಲ. ಆದರೆ ಪ್ರತಿ ಸಂಜೆ ನನಗೆ ಫೋನ್ ಬರುತ್ತಿತ್ತು. "ಬಂದ್ಳಾ?" ಎಂದು ಕೇಳುತ್ತಿದ್ದರು. "ಬಂದ್ರು ಯಜಮಾನ್ರೇ" ಎಂದರೆ ಇಟ್ಟುಬಿಡುತ್ತಿದ್ದರು. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಆ ಫೋನುಗಳಲ್ಲೇ ಕರಗಿತು.

ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮಾವ್ರು ಹಾಗೇ ಒರಗಿದರು. ಎರಡನೇ ಸಲದ ಲಕ್ವ. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ. ಯಜಮಾನ್ರು ಕಾರಿನಿಂದ ಇಳಿದವರು ಒಳಗೆ ಹೋಗಲಿಲ್ಲ. ಮೊದಲು ನನ್ನ ತೋಳು ಹಿಡಿದರು.

"ಗಾಡಿ ಮೇಲಾ?"

"ಅಲ್ಲ ಯಜಮಾನ್ರೇ. ಕುರ್ಚೀಲಿ ಕೂತಿದ್ರು."

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ತೋಟ ಈಗ ಯಜಮಾನ್ರದ್ದು. ನಾನು ಕೆಲಸ ಬಿಟ್ಟು ಮೂಡಿಗೆರೆ ಸೇರಿದ್ದೇನೆ, ಆದರೂ ಕಚೇರಿ ಕೆಲಸಕ್ಕೆ ನನ್ನನ್ನೇ ಕರೆಯುತ್ತಾರೆ. ಜಮೀನಿನ ಖಾತೆ ಬದಲಾಯಿತು, ಬ್ಯಾಂಕು, ಕರೆಂಟು ಎಲ್ಲ ಬದಲಾಯಿತು. ಬೈಕೊಂದು ಬಾಕಿ. ಮಾಲೀಕರು ತೀರಿಕೊಂಡ ಮೇಲೆ ಹೆಸರು ಬದಲಿಸಬೇಕೆಂಬುದು ಕಾನೂನು. ಹೋದ ವಾರವೂ ಫಾರಂ ತುಂಬಿಸಿಕೊಂಡು ಅವರ ಮನೆಗೆ ಹೋಗಿದ್ದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಪೆನ್ನು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಅವಳ ಹೆಸರು ತೆಗೀಲೇಬೇಕಾ?" ಎಂದರು. "ಅಷ್ಟು ಕಷ್ಟಪಟ್ಟು ಹಾಕ್ಸಿದ್ದಲ್ವಾ ಮಾರಾಯ..."

ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು ಎದ್ದು ಬಂದೆ.