ಅಪ್ಪ ಅಳಿಸಿದ ದನಿ

ನಮ್ಮಪ್ಪನಿಗೆ ಬೀದಿಯವರು ಇಟ್ಟ ಹೆಸರು ಕತ್ತರಿ. ದರ್ಜಿಯೇನಲ್ಲ, ಕಂಪ್ಯೂಟರ್ ರಿಪೇರಿಯವನು. ಅವನ ಅಂಗಡಿಗೆ ಒಂದು ಕಟ್ಟಳೆಯಿತ್ತು. ಕೀಬೋರ್ಡಿನ ಒಂದು ಗುಂಡಿ ಕೆಟ್ಟಿದೆಯೆಂದು ತಂದರೂ ಸರಿ, ಒಳಗಿನ ಬೇಡದ ಸಾಫ್ಟ್‌ವೇರನ್ನೆಲ್ಲ ಕಿತ್ತುಹಾಕದೆ ವಾಪಸು ಕೊಡುತ್ತಿರಲಿಲ್ಲ. ಯಾವುದು ಬೇಡ ಎಂದು ತೀರ್ಮಾನಿಸುವವನೂ ಅವನೇ. ಗಿರಾಕಿಯನ್ನು ಕೇಳುವ ಪದ್ಧತಿ ಇರಲಿಲ್ಲ.

ಕಂಪ್ಯೂಟರಿನ ಇತಿಹಾಸವೆಂದರೆ ಅವನ ಪಾಲಿಗೆ ಕೆಡುತ್ತಾ ಬಂದ ಕಥೆ. ಅವನು ಕೆಲಸ ಕಲಿತಾಗ ಕಪ್ಪು ಪರದೆ, ಅದರ ಮೇಲೆ ಅಕ್ಷರ, ಅಷ್ಟೆ. ಆಪರೇಟಿಂಗ್ ಸಿಸ್ಟಮ್ಮನ್ನು ಫ್ಲಾಪಿಯಲ್ಲಿ ಹಾಕಿ ಅಂಗಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದನಂತೆ. "ಈಗಿನವು ಗಡಿಯಾರ ತೋರ್ಸೋಕೂ ಸೊಂಟ ಹಿಡ್ಕೊಂಡು ಏಳ್ತವೆ," ಎನ್ನುತ್ತಿದ್ದ. ಯಾರಾದರೂ ಮೆಮೊರಿ ಹೆಚ್ಚಿಸಿಕೊಡಿ ಎಂದರೆ, "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲ್ದು. ಮೊದ್ಲು ದಂಡಪಿಂಡಗಳನ್ನ ಆಚೆ ಹಾಕೋಣ," ಎಂಬ ಉತ್ತರ. ಮನೆಯಲ್ಲೂ ಅದೇ ರಾಗ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಅಪ್ಪನ ಅಕ್ಕ, ನನ್ನ ಸೋದರತ್ತೆ, ಮದುವೆಯಾಗದೆ ನಮ್ಮ ಜೊತೆಗೇ ಇದ್ದವಳು. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ಮಾತನ್ನು ಕೇಳಿಸಿಕೊಂಡು ವರದಿ ಟೈಪ್ ಮಾಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್.

ಅವಳು ನೆಂಟರ ಮನೆಗೆ ಹೋಗಿದ್ದಾಗ ಅಪ್ಪ ಅವಳ ಕಂಪ್ಯೂಟರಿಗೆ ಕೈ ಹಾಕಿದ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಮ್ ಸಿಕ್ಕಿತು. "ಕಣ್ಣಿರೋರಿಗೆ ಇದ್ಯಾಕೆ?" ಎಂದು ಗೊಣಗಿ ಅದನ್ನೂ ಅಳಿಸಿದ. ಯಂತ್ರ ಚುರುಕಾಯಿತು, ಅಪ್ಪ ಹಿರಿಹಿರಿ ಹಿಗ್ಗಿದ.

ಅತ್ತೆ ಬಂದಳು, ಕೆಲಸಕ್ಕೆ ಕೂತಳು, ಏನೂ ಹೇಳಲಿಲ್ಲ. ಆ ವಾರವೇ ಅವಳ ಆಫೀಸಿನಿಂದ ಫೋನ್ ಬಂತು. ಎತ್ತಿದವನು ಅಪ್ಪ. ವರದಿಗಳ ತುಂಬ ತಪ್ಪಿದೆ, ಔಷಧದ ಅಳತೆಯಲ್ಲೇ ಒಂದು ಸೊನ್ನೆ ಹೆಚ್ಚಾಗಿದೆ, ಇನ್ನೊಮ್ಮೆ ಹೀಗಾದರೆ ಕೆಲಸ ಕೊಡುವುದಿಲ್ಲ ಎಂದರು.

ಅಪ್ಪ ಅವಳ ಕೋಣೆಗೆ ಹೋದ, ಹಿಂದೆಯೇ ನಾನು. ಅತ್ತೆ ಪರದೆಗೆ ಮೂಗು ತಾಗಿಸಿಕೊಂಡು ಒಂದೊಂದೇ ಅಕ್ಷರ ಹುಡುಕುತ್ತಿದ್ದಳು. ಹಾಡಹಗಲು, ನಾವು ಪಕ್ಕದಲ್ಲೇ ನಿಂತಿದ್ದೆವು. ಅವಳಿಗೆ ಕಾಣಲಿಲ್ಲ.

"ಅಕ್ಕಾ, ನಿನ್ನ ಕಣ್ಣು..."

ಅತ್ತೆ ಬೆಚ್ಚಿದಳು. ಆಮೇಲೆ ಸಮಾಧಾನವಾಗಿಯೇ ಹೇಳಿದಳು. "ಡಾಕ್ಟ್ರು ಆಗ್ಲೇ ಕೈ ಚೆಲ್ಲಿದಾರೆ ಕಣೋ. ನಾನು ಟೈಪ್ ಮಾಡಿದ್ದನ್ನ ಆ ದನಿ ಓದಿ ಹೇಳ್ತಿತ್ತು, ತಪ್ಪು ಕೇಳಿಸಿದ್ರೆ ತಿದ್ತಿದ್ದೆ."

"ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ? ನಾನೇನು ಹೊರಗಿನೋನಾ?"

"ಹೇಗೋ ಹೇಳ್ಲಿ? ಕೆಲ್ಸಕ್ಕೆ ಬಾರದ್ದು ಸುಮ್ನೆ ಜಾಗ ಹಿಡ್ಕೊಂಡಿರಬಾರ್ದು ಅಂತ ದಿನಾ ಹೇಳೋನು ನೀನು. ನಾನಿರೋದು ನಿನ್ನ ಮನೇಲಿ."

ಅಪ್ಪನ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ಅಷ್ಟು ಮರುಕವೂ ಬಂದಿರಲಿಲ್ಲ. ಅವನು ಕಣ್ಣೊರೆಸಿಕೊಳ್ಳುತ್ತಲೇ ಆ ಪ್ರೋಗ್ರಾಮನ್ನು ಮತ್ತೆ ಹಾಕಲು ಕೂತ. ಇಂಟರ್ನೆಟ್ಟಿನಿಂದ ಅದು ಇಳಿಯಲು ಬಹಳ ಹೊತ್ತು ಹಿಡಿಯಿತು. ಅದರ ಗಾತ್ರವನ್ನು ಅವನು ಬೈಯಲಿಲ್ಲ.

ಕೊನೆಗೆ ದನಿ ಬಂತು. ಅಪ್ಪ ಕುರ್ಚಿ ಎಳೆದುಕೊಂಡು, "ಸರಿ, ನೀನು ಕೂತಿರು. ಇನ್ಮೇಲೆ ತಪ್ಪನ್ನೆಲ್ಲ ನಾನೇ ನೋಡಿ ತಿದ್ತೀನಿ," ಅಂದ.

ಅತ್ತೆ ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡಳು. "ನೀನು ಎದ್ದು ಅಂಗಡಿಗೆ ಹೋಗು. ಈ ದನಿ ಕೇಳಿಸಿದ್ರೆ ನನ್ನ ಕೆಲ್ಸಕ್ಕೆ ಇನ್ನೊಬ್ರು ಬೇಡ."