ಮೊಬೈಲಿನಲ್ಲಿ ಒಯ್ದ ಮಗ್ಗದ ಸಪ್ಪಳ

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ದೆವ್ವದ ಮಾತೆತ್ತಿದರೆ ನಕ್ಕು ಒಳಗೆ ಹೋಗುವ ಹೆಂಗಸು ನಾನು. ಆದರೆ ಹೈದರಾಬಾದಿನ ಆ ರಾತ್ರಿ ನಡೆದದ್ದು ನನ್ನ ಕಣ್ಣೆದುರೇ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಗಂಡನದು ಗದಗದಲ್ಲಿ ಮೊಬೈಲ್ ಅಂಗಡಿ. ಮಗ್ಗಕ್ಕೆ ಕೂರುವವರು ಈಗ ಅತ್ತೆ ಒಬ್ಬರೇ. ಎರಡು ವರ್ಷದ ಮಗಳು ಸಾನು ಹುಟ್ಟಿದಾಗಿನಿಂದ ಮಲಗಿದ್ದು ಆ ಮಗ್ಗದ ಪಕ್ಕದಲ್ಲೇ. ಟಕ್-ಟಕ್ ಕೇಳದಿದ್ದರೆ ಮಹಾರಾಣಿ ಕಣ್ಣು ಮುಚ್ಚುವುದಿಲ್ಲ.

ಮೂರು ದಿನ ಸಾಲು ರಜೆ ಬಂತೆಂದು ಹೈದರಾಬಾದ್ ನೋಡಲು ಹೊರಟೆವು. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಮನೆಮಂದಿ ಪರವೂರಿಗೆ ಹೊರಟರೆ ಅತ್ತೆ ಮಗ್ಗದಲ್ಲಿ ನೂಲು ಓಡಿಸುವ ಲಾಳಿ ತೆಗೆದು ದೇವರ ಜಗಲಿಯ ಮೇಲಿಟ್ಟು, ಮಗ್ಗಕ್ಕೆ ಬಟ್ಟೆ ಹೊದಿಸುತ್ತಾರೆ. ಹೋದವರು ಮರಳುವ ತನಕ ಮಗ್ಗ ಸಪ್ಪಳ ಮಾಡುವಂತಿಲ್ಲ. ನನ್ನ ಗಂಡ ಹಿಂದಿನ ದಿನವೇ ಆ ಸಪ್ಪಳವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

“ಬ್ಯಾಡಪಾ, ಅದನ್ನ ಪರವೂರಾಗ ಹಚ್ಚಬ್ಯಾಡ,” ಅಂದರು ಅತ್ತೆ.

“ಬರೇ ಸಪ್ಪಳ ಐತ್ಯವ್ವಾ, ಮಗ್ಗ ಅಲ್ಲ. ಇಲ್ಲಂದ್ರ ಈಕಿ ಮಲಗಾಂಗಿಲ್ಲ.”

ನಾನೂ ಗಂಡನ ಕಡೆಗೇ ವಾಲಿದೆ.

ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ದಿನ ಚಾರ್‌ಮಿನಾರ್, ಝೂ ಅಂತ ಮಗುವನ್ನು ಹೊತ್ತು ಸುತ್ತಿ ಹೈರಾಣಾಗಿದ್ದೆವು. ಲಾಡ್ಜಿನ ನಾಲ್ಕನೇ ಮಹಡಿಯ ಕೋಣೆ, ಮುಗ್ಗಲು ವಾಸನೆ. ದಿಂಬಿನ ಪಕ್ಕ ಮೊಬೈಲ್ ಹಚ್ಚಿಟ್ಟು, ಸಾನುವನ್ನು ತಟ್ಟುತ್ತಾ ನಾನೂ ನಿದ್ದೆ ಹೋದೆ.

ಎಚ್ಚರವಾದಾಗ ಗಂಜಿಯ ವಾಸನೆ... ನಮ್ಮ ಮನೆಯಲ್ಲಿ ನೂಲಿಗೆ ಹಚ್ಚುವ ಗಂಜಿಯದು. ಟಕ್-ಟಕ್ ನಡೆದೇ ಇತ್ತು. ಪಕ್ಕಕ್ಕೆ ಕೈ ಹಾಕಿದೆ. ಸಾನು ಇಲ್ಲ! ಆಚೆ ಬದಿ ಗಂಡನೂ ಇಲ್ಲ. ಬಾಗಿಲು ಅರ್ಧ ತೆರೆದಿತ್ತು.

ಹೊರಗೆ ಓಡಿದೆ. ಕಾರಿಡಾರಿನ ಕೊನೆಯಲ್ಲಿ ಲಿಫ್ಟ್ ರಿಪೇರಿಗೆ ಬಿಚ್ಚಿಟ್ಟಿದ್ದರು. ಬಾಗಿಲಿನ ಜಾಗದಲ್ಲಿ ಒಂದು ಹಗ್ಗ, ಅಷ್ಟೇ. ಆ ಹಗ್ಗದ ಕೆಳಗೆ ನುಸುಳಿ ನನ್ನ ಮಗಳು ಅಂಚಿನಲ್ಲಿ ನಿಂತಿದ್ದಳು. ಸಪ್ಪಳ ಆ ಕತ್ತಲೆಯ ಗುಂಡಿಯೊಳಗಿನಿಂದ ಬರುತ್ತಿತ್ತು... ಟಕ್-ಟಕ್... ಟಕ್-ಟಕ್...

ಕೂಗಿದರೆ ಬೆಚ್ಚಿ ಬಿದ್ದಾಳು. ಸದ್ದಾಗದಂತೆ ಒಂದೊಂದೇ ಹೆಜ್ಜೆಯಿಟ್ಟು ಹತ್ತಿರವಾದೆ. ಸಾನು ಮುಂದಕ್ಕೆ ಹೆಜ್ಜೆಯೆತ್ತಿದಳು.

ಟಕ್... ಸಪ್ಪಳ ಅರ್ಧಕ್ಕೇ ನಿಂತಿತು.

ಎತ್ತಿದ ಕಾಲನ್ನು ಅವಳು ಹಿಂದಕ್ಕಿಟ್ಟಳು. ನಾನು ಹಾರಿ ಬಾಚಿಕೊಂಡೆ. ನನ್ನ ಕಿವಿಯಲ್ಲಿ ಮೆಲ್ಲಗೆ, “ಆಯಿ ಹಿಡದ್ಲು,” ಅಂದಳು. ಅವಳು ಆಯಿ ಅನ್ನುವುದು ಅಜ್ಜಿಗೆ, ಅಂದರೆ ನಮ್ಮ ಅತ್ತೆಗೆ.

ಅಷ್ಟರಲ್ಲಿ ಗಂಡ ಮೆಟ್ಟಿಲೇರಿ ಬಂದರು. ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದರಲ್ಲಿ ಮೊಬೈಲ್.

“ಕೂಸಿಗೆ ಹಾಲು ತರಾಕ ಹೋಗಿದ್ದೆ, ಬಾಗಲಾ ಎಳಕೊಂಡ ಹೋಗಿದ್ನಲ್ಲ. ಯಾಕ, ಏನಾತು?”

“ಮೊಬೈಲು... ರೂಮಿನಾಗ ಇತ್ತಲ್ರೀ?”

“ರೊಕ್ಕ ಕೊಡಾಕ ಬೇಕಲ್ಲ. ಬಂದ್ ಮಾಡಿ ನಾನ ಒಯ್ದಿದ್ದೆ.”

ನಾನು ಸಾನುವನ್ನು ಒಳಗೊಯ್ದು ಚಿಲಕ ಹಾಕಿದೆ. ಬೆಳಿಗ್ಗೆ ಸ್ನಾನ ಮಾಡಿಸುವಾಗ ಸಾನುವಿನ ಸೊಂಟದ ಕರಿ ಉಡದಾರ ಇರಲಿಲ್ಲ. ಎಲ್ಲೋ ಬಿದ್ದಿರಬೇಕು ಅಂದುಕೊಂಡೆ.

ಊರಿಗೆ ಬಂದಾಗ ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಬಲಗೈಗೆ ಬಟ್ಟೆ ಸುತ್ತಿತ್ತು. ನಾವಿನ್ನೂ ಬಾಯಿಯೇ ಬಿಟ್ಟಿರಲಿಲ್ಲ.

“ಮೊನ್ನಿ ರಾತ್ರಿ ಮಗ್ಗ ಬಡಿಯೂ ಸಪ್ಪಳಾತವಾ,” ಅಂದರು ಪಿಸುದನಿಯಲ್ಲಿ. “ಹೋಗಿ ನೋಡಿದ್ರ ಯಾರೂ ಇಲ್ಲ. ಜಗಲಿ ಮ್ಯಾಲಿನ ಲಾಳಿ ಮಗ್ಗದಾಗ ಓಡಾಕತ್ತಿತ್ತು. ಗಪ್ಪನ ಹಿಡದೆ... ಕೈಯೆಲ್ಲಾ ಕಿತ್ತುಹೋತು.”

ಮಗ್ಗದ ಬಟ್ಟೆ ಸರಿಸಿದೆ. ಹೊರಡುವಾಗ ಅರ್ಧ ನೇಯ್ದು ಬಿಟ್ಟಿದ್ದ ಹಳದಿ ಸೀರೆ ಒಂದು ಗೇಣು ಹೆಚ್ಚಿಗೆ ಬೆಳೆದಿತ್ತು. ಕೊನೆಯ ಎಳೆ ಮಾತ್ರ ಕಪ್ಪು. ಅದರ ತುದಿಯಲ್ಲಿ ಸಾನುವಿನ ಉಡದಾರಕ್ಕೆ ನಾನೇ ಹಾಕಿದ್ದ ಗಂಟಿತ್ತು.

ರೆಕಾರ್ಡಿಂಗ್ ಅಳಿಸಿದ್ದೇವೆ. ಅತ್ತೆ ಮತ್ತೆ ಮಗ್ಗ ಮುಟ್ಟಿಲ್ಲ. ಲಾಳಿ ಹಿಡಿದು ನಿಲ್ಲಿಸಿದ್ದು ಅತ್ತೆ, ಸರಿ. ಆದರೆ ನೇಯುತ್ತಿದ್ದುದು ಯಾರು?

ಸಾನು ಈಗ ಸಪ್ಪಳವಿಲ್ಲದೆಯೂ ಮಲಗುತ್ತಾಳೆ. ನಿದ್ದೆಯಲ್ಲಿ ಅವಳ ಬೆರಳು ಹಾಸಿಗೆಯ ಮೇಲೆ ಬಡಿಯುತ್ತದೆ... ಟಕ್-ಟಕ್... ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬೆಳಗು ಮಾಡುತ್ತೇನೆ.